ವೈಟ್ ನಾಯ್ಸ್ ಮಷೀನ್: ಮಡಿಕೇರಿಯ ಮನೆಯಲ್ಲಿ ಒಂದು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಫ್ಯಾನಿನ ಹಾಗೆ ಒಂದೇ ಸಮನೆ ಸದ್ದು ಮಾಡುವ ಈ ಮಷೀನ್ ಅಳುವ ಮಗುವನ್ನು ಮಲಗಿಸುವುದಿಲ್ಲ. ಆ ಕೆಲಸ ನಮ್ಮದೇ. ಮಲಗಿದ ಮಗು ಸಣ್ಣಪುಟ್ಟ ಸದ್ದಿಗೆ ಏಳದ ಹಾಗೆ ನೋಡಿಕೊಳ್ಳುವುದು ಮಾತ್ರ ಇದರ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ.

ತಗೊಂಡಾಗ ಮಗಳಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರುವಾದರೆ ನಮ್ಮ ಊಟ ಮುಗಿದರೂ ನಿಲ್ಲುತ್ತಿರಲಿಲ್ಲ. ಅತ್ತೆ ದೃಷ್ಟಿ ತೆಗೆದರು. ಅಮ್ಮ ಫೋನಿನಲ್ಲಿ ಓಮದ ನೀರು ಕೊಡು ಅಂದರು. ಡಾಕ್ಟರ್ ಮಾತ್ರ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ ಅಂದರು. ಆರನೇ ವಾರದ ಆಸುಪಾಸು ಅಳು ಜಾಸ್ತಿ ಇರುತ್ತದೆ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ ಅಂತ ಧೈರ್ಯ ಹೇಳಿದರು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಕಾಯಬೇಡಿ, ತಕ್ಷಣ ಕರೆದುಕೊಂಡು ಬನ್ನಿ ಅಂದಿದ್ದರು.

ನಮಗೆ ಕೈ ಹಿಡಿದದ್ದು ದಿನಾ ಒಂದೇ ಕ್ರಮ. ಬಿಸಿನೀರಲ್ಲಿ ಮೈ ಒರೆಸುವುದು, ದೀಪ ಮಂದ ಮಾಡುವುದು, ಹಾಲು, ತೇಗು, ಅತ್ತೆಯ ಜೋಗುಳ. ಜೋಗುಳ ಶುರುವಾದಾಗಲೇ ಮಷೀನ್ ಹಾಕುತ್ತೇನೆ. ಆಮೇಲೆ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ, ದಿಂಬಿಲ್ಲದೆ ಮಲಗಿಸುವುದು. ಇಲ್ಲಿನ ಥಂಡಿಗೆ ಕಂಬಳಿ ಹೊದಿಸಬೇಕು ಅನಿಸುತ್ತದೆ, ಅಲ್ವಾ? ಅದು ಮುಖದ ಮೇಲೆ ಬಂದರೆ ಅಪಾಯ. ಒಂದು ಪದರ ಬೆಚ್ಚಗಿನ ಬಟ್ಟೆ ಜಾಸ್ತಿ ಹಾಕಿ, ಸಾಕು.

ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಬೇರೆ ಮಷೀನ್ ಯಾಕೆ ಅಂತ ನೆಂಟರು ಕೇಳುತ್ತಾರೆ. ನಿಜ, ಜೋರು ಮಳೆಯಲ್ಲಿ ಮಗಳು ಹಾಯಾಗಿ ಮಲಗುತ್ತಾಳೆ. ನಡುರಾತ್ರಿ ಮಳೆ ದಿಢೀರನೆ ಬಿಟ್ಟಾಗ ಎದ್ದು ಕೂಗುತ್ತಿದ್ದಳು. ಮಷೀನ್ ಓಡುತ್ತಿದ್ದರೆ ಆ ಬದಲಾವಣೆ ಅವಳಿಗೆ ತಾಗುವುದಿಲ್ಲ. ಮಳೆಗಾಲ ಕಳೆದ ಮೇಲೆ ಬೇರೆ ಕಾಟ. ಶನಿವಾರ ಬಂದರೆ ಪಕ್ಕದ ಹೋಮ್‌ಸ್ಟೇಯಲ್ಲಿ ಹಾಡು, ರಸ್ತೆಯಲ್ಲಿ ಜೀಪು. ಅಷ್ಟನ್ನು ಇದು ಮುಚ್ಚುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಕೋವಿಯ ಸದ್ದಿನ ಮುಂದೆ ಮಾತ್ರ ಏನೂ ನಡೆಯಲಿಲ್ಲ. ಆ ರಾತ್ರಿ ಎತ್ತಿಕೊಂಡೇ ಕೂತಿದ್ದೆ.

ಸದ್ದಿನ ಮಟ್ಟದ ಬಗ್ಗೆ ದಯವಿಟ್ಟು ಎಚ್ಚರ ಇರಲಿ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಇಂಥ 14 ಮಷೀನ್‌ಗಳ ಪರೀಕ್ಷೆ ಪ್ರಕಟವಾಗಿತ್ತು. ಸದ್ದು ಪೂರ್ತಿ ಏರಿಸಿದಾಗ ಮೂರು ಮಷೀನ್‌ಗಳು 85 ಡೆಸಿಬೆಲ್ ದಾಟಿದ್ದವು. ಆಸ್ಪತ್ರೆಯ ಶಿಶು ವಾರ್ಡಿಗೆ ಹೇಳುವ ಮಿತಿ 50 ಮಾತ್ರ. ಅದಕ್ಕೇ ನಾನು ಮಂಚದಿಂದ ಏಳು ಅಡಿ ದೂರದ ಕಪಾಟಿನ ಮೇಲೆ ಇಟ್ಟು, ಕಡಿಮೆ ಸದ್ದಿನಲ್ಲೇ ಹಾಕುತ್ತೇನೆ. ತಲೆ ಪಕ್ಕ ಇಡಲೇಬೇಡಿ.

ಕೊರತೆ ಎರಡು. ಹಾಕಿ ಒಂದು ಗಂಟೆಯಾದರೆ ಟೈಮರ್‌ನಿಂದ ಆಫ್ ಆಗುತ್ತದೆ, ಸುಮ್ನೆ ಮಲಗಿದ್ದ ಮಗು ಆಗ ಎಚ್ಚರವಾಗುತ್ತದೆ. ಟೈಮರ್ ಇಲ್ಲದೆ ರಾತ್ರಿಯಿಡೀ ಓಡುವ ಆಯ್ಕೆ ಇದೆಯಾ ಅಂತ ನೋಡಿ ತಗೊಳ್ಳಿ. ಇನ್ನೊಂದು, ಇಲ್ಲಿನ ತೇವ. ಮೊದಲ ಮಳೆಗಾಲದಲ್ಲೇ ಚಾರ್ಜಿಂಗ್ ಪಿನ್‌ಗೆ ಕಿಲುಬು ಹಿಡಿಯಿತು. ಮಾರಿದವರು ನೀರು ಬಿದ್ದಿದೆ ಅಂತ ವಾರಂಟಿ ಕೊಡಲಿಲ್ಲ. ಒಂದು ಹನಿಯೂ ಬಿದ್ದಿರಲಿಲ್ಲ, ಅದರ ಬೇಸರ ಇನ್ನೂ ಇದೆ. ಊರಿನಲ್ಲೇ ರಿಪೇರಿ ಮಾಡಿಸಿದೆ. ಈಗ ಬಳಸದ ಹೊತ್ತಿನಲ್ಲಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ.

ಬ್ಯಾಟರಿ ಇರುವುದನ್ನೇ ತಗೊಳ್ಳಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಇಲ್ಲಿ ಬೆಳಗಾಗುವವರೆಗೂ ಬರದಿರಬಹುದು. ಮೈಸೂರಿನಂಥ ಊರಲ್ಲಿದ್ದು ರಾತ್ರಿಯೆಲ್ಲ ಫ್ಯಾನ್ ಹಾಕುವವರು ಇದಕ್ಕೆ ದುಡ್ಡು ಹಾಕಬೇಡಿ. ಆ ಫ್ಯಾನ್ ಸದ್ದೇ ಸಾಕು.