ನಮ್ಮ ಪಿಎಚ್‌ಸಿ ಔಷಧಿ ಕೌಂಟರ್: ಐದಕ್ಕೆ ನಾಲ್ಕು ಸ್ಟಾರ್, ಅದ್ರಲ್ಲಿ ಎರಡು ಬರೀ ಆ ನೋಟ್‌ಬುಕ್‌ಗೆ

ಹೋಟ್ಲಿಗೆ, ಮೊಬೈಲ್ ಅಂಗಡಿಗೆ, ಹೋಮ್ ಸ್ಟೇಗೆ ಎಲ್ಲ ಉದ್ದುದ್ದ ರಿವ್ಯೂ ಬರೀತಾರೆ, ಸರ್ಕಾರಿ ಆಸ್ಪತ್ರೆ ಔಷಧಿ ಕಿಟಕಿಗೆ ಮಾತ್ರ ಯಾರೂ ಬರ್ಯಲ್ಲ, ಬರೆದ್ರೂ "ವೇಸ್ಟ್, ಮಾತ್ರೆ ಇಲ್ಲ ಅಂತಾರೆ" ಅಂತ ಒಂದು ಸ್ಟಾರ್ ಒತ್ತಿ ಹೋಗ್ತಾರೆ. ನಾನು ಬರೀತಿರೋದು ತೀರ್ಥಹಳ್ಳಿ ತಾಲೂಕಿನ ಒಂದು ಪಿಎಚ್‌ಸಿ ಬಗ್ಗೆ. ಹೆಸ್ರು ಹಾಕಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯೋದೂ ಇದೆ, ಹೆಸ್ರು ಹಾಕಿದ್ರೆ ನಾಳೆ ಬೆಳಗ್ಗೆ ಯಾರೋ ಮೇಲಿನವ್ರು ಫಾರ್ಮಸಿ ಮೇಡಂಗೇ ನೋಟಿಸ್ ಕಳಿಸ್ತಾರೆ, ತಪ್ಪು ಮಾಡಿದವ್ರು ಆರಾಮಾಗಿರ್ತಾರೆ.

ನನ್ನ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಇವ್ನಿಗೆ ಯಾಕೆ ಇಷ್ಟು ತಲೆನೋವು ಅಂತೀರ. ಮೊದ್ಲು ಆಫ್ರಿಕಾದ ಜಾಂಬಿಯಾದಲ್ಲಿ, ಚಿಪಾಟಾ ಅನ್ನೋ ಊರಿನ ಕಡೆ, ಔಷಧಿ ಗೋಡೌನ್‌ನಲ್ಲಿ ಸ್ಟಾಕ್ ನೋಡ್ಕೊಳ್ತಿದ್ದೆ, ಈಗ ಊರಲ್ಲಿ ಅಡಿಕೆ ತೋಟ, ಅಮ್ಮನ ಬಿಪಿ-ಶುಗರ್ ಮಾತ್ರೆ ತರೋದು ನನ್ನ ಡ್ಯೂಟಿ. ಜಾಂಬಿಯಾದಲ್ಲಿ ಎಚ್‌ಐವಿ, ಟಿಬಿ, ಮಲೇರಿಯಾ ಔಷಧಿಯಲ್ಲಿ ಬಹುಪಾಲು ಹೊರಗಿನವ್ರ ದುಡ್ಡಲ್ಲೇ ಬರ್ತಿತ್ತು, ಅಮೆರಿಕ ಸರ್ಕಾರದ ಎಚ್‌ಐವಿ ನೆರವಿನ ಯೋಜನೆ ಪೆಪ್‌ಫಾರ್ ಮತ್ತೆ ಹಲವು ದೇಶದವ್ರು ದುಡ್ಡು ಹಾಕೋ ಗ್ಲೋಬಲ್ ಫಂಡ್ ಎರಡೂ ಸೇರಿ. ಆ ಗೋಡೌನ್ ಕೆಲ್ಸ ಮಾಡಿದ್ದಕ್ಕೇ ಇಲ್ಲಿ ಕಿಟಕಿ ಮುಂದೆ ನಿಂತಾಗ ಬೇರೆಯವ್ರು ಕ್ಯೂ ನೋಡಿದ್ರೆ ನಾನು ಒಳಗಿನ ಶೆಲ್ಫ್ ನೋಡ್ತೀನಿ. ಚಟ.

ಒಳಗೆ ಏನು ಕಾಣ್ಸುತ್ತೆ ಅಂದ್ರೆ, ಡಬ್ಬಗಳನ್ನ ಗೋಡೆಗೆ ತಾಗಿಸದೆ ಒಂದು ಕೈ ಅಗಲ ಬಿಟ್ಟು ಮರದ ಹಲಗೆ ಮೇಲೆ ಇಟ್ಟಿದಾರೆ. ಇದು ಶೋಕಿ ಅಲ್ಲ ಮಾರಾಯ್ರೆ, ಆಷಾಢದಲ್ಲಿ ನಮ್ಮ ಗೋಡೆಗಳು ಬೆವರುತ್ತೆ, ತಾಗಿಸಿ ಇಟ್ರೆ ರಟ್ಟು ಮೆತ್ತಗಾಗಿ ಒಳಗಿನ ಪೊಟ್ಟಣಕ್ಕೆಲ್ಲ ಬೂಸ್ಟು. ಪ್ರತಿ ಡಬ್ಬದ ಮೇಲೆ ದಪ್ಪ ಮಾರ್ಕರ್‌ನಲ್ಲಿ ಎಕ್ಸ್‌ಪೈರಿ ತಿಂಗಳು ಬರೆದಿದೆ, ಬೇಗ ಮುಗಿಯೋದು ಮುಂದೆ, ತಡ ಮುಗಿಯೋದು ಹಿಂದೆ. ಮೊದ್ಲು ಬಂದಿದ್ದು ಮೊದ್ಲು ಕೊಡೋದಲ್ಲ, ಮೊದ್ಲು ಎಕ್ಸ್‌ಪೈರಿ ಆಗೋದು ಮೊದ್ಲು ಕೊಡೋದು, ಈ ವ್ಯತ್ಯಾಸ ಎಷ್ಟೋ ದೊಡ್ಡ ಮೆಡಿಕಲ್ ಶಾಪ್‌ನವ್ರಿಗೇ ತಲೆಗೆ ಹೋಗಿಲ್ಲ.

ಈಗ ನೋಟ್‌ಬುಕ್ ವಿಷಯ. ಕೌಂಟರ್ ಮೇಲೆ ಸರ್ಕಾರಿ ಸ್ಟಾಕ್ ರಿಜಿಸ್ಟರ್ ಬೇರೆ, ಕಂಪ್ಯೂಟರ್ ಎಂಟ್ರಿ ಬೇರೆ, ಅದ್ರ ಪಕ್ಕ ಒಂದು ಮಾಮೂಲಿ ಗೆರೆ ನೋಟ್‌ಬುಕ್, ಸ್ಕೂಲ್ ಮಕ್ಳದ್ದು. ಮೇಡಂ ಅದ್ರಲ್ಲಿ ಕೆಂಪು ಪೆನ್ನಲ್ಲಿ ಬರೀತಾರೆ: ತಾರೀಕು, ಮಾತ್ರೆ ಹೆಸ್ರು, ಎಷ್ಟು ಬೇಕಿತ್ತು. ಅಂದ್ರೆ "ಇಲ್ಲ" ಅಂತ ಹೇಳಿ ಕಳಿಸಿದ್ದೆಲ್ಲ ಅಲ್ಲಿ ಬರುತ್ತೆ. ಕೊಟ್ಟಿದ್ದನ್ನ ಎಲ್ರೂ ಬರೀತಾರೆ ಸ್ವಾಮಿ, ಕೊಡದೇ ಇದ್ದಿದ್ದನ್ನ ಬರ್ಯೋರು ನನಗೆ ಎರಡು ದೇಶದಲ್ಲೂ ತೀರಾ ಅಪರೂಪಕ್ಕೆ ಸಿಕ್ಕಿದಾರೆ.

ಯಾಕೆ ಇದು ಇಷ್ಟು ದೊಡ್ಡ ವಿಷಯ ಅಂತ ಹೇಳ್ತೀನಿ. ಒಂದು ಆಸ್ಪತ್ರೆಗೆ ದಿನಕ್ಕೆ 30 ಅಮ್ಲೋಡಿಪಿನ್ (ಬಿಪಿ) ಮಾತ್ರೆ ಬೇಕು ಅಂದ್ಕೊಳ್ಳಿ, ತಿಂಗಳಿಗೆ 900. ಈ ತಿಂಗಳು ಬಂದಿದ್ದು 300, ಹತ್ತೇ ದಿನಕ್ಕೆ ಖಾಲಿ, ಉಳಿದ 20 ದಿನ ಜನ ಬಂದು ವಾಪಸ್ ಹೋದ್ರು. ರಿಜಿಸ್ಟರ್ ಏನು ಹೇಳುತ್ತೆ? ಈ ತಿಂಗಳ ಖರ್ಚು 300. ಮೇಲಿನವ್ರು ಹಳೇ ಖರ್ಚಿನ ಸರಾಸರಿ ನೋಡಿ ಮುಂದಿನದ್ದು ಕಳಿಸೋದಾದ್ರೆ ಮತ್ತೆ 300 ಬರುತ್ತೆ, ಅವ್ರ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇದೆ. ಹಿಂಗೇ ಕೊರತೆ ಅನ್ನೋದು ಕಾಗದದ ಮೇಲೆ ತಾನಾಗೇ ಮಾಯ ಆಗಿ ಊರಲ್ಲಿ ಮಾತ್ರ ಉಳ್ಕೊಳ್ಳುತ್ತೆ. ಆ ಕೆಂಪು ಪೆನ್ನಿನ ಪುಟ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಜೊತೆ ಹೋದ್ರೆ ಮಾತ್ರ 900 ಅನ್ನೋದು ಮೇಲಿನವ್ರಿಗೆ ಗೊತ್ತಾಗೋದು.

ಅಲ್ಲಿ ಜಾಂಬಿಯಾದಲ್ಲಿ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಕಿಟ್ ಅಂತ ಬರೋದು, ಮುಚ್ಚಿದ ರಟ್ಟಿನ ಪೆಟ್ಟಿಗೆ, ಒಳಗೆ ಇಂತಿಂಥ ಔಷಧಿ ಇಷ್ಟಿಷ್ಟು ಅಂತ ಮೊದ್ಲೇ ಫಿಕ್ಸ್. ಲೆಕ್ಕ ಬರ್ಯೋಕೆ ಜನ ಇಲ್ಲದ ಕಡೆ ಇದು ಒಳ್ಳೇದೇ, ಏನೂ ಇಲ್ಲದೇ ಇರೋದಕ್ಕಿಂತ ವಾಸಿ. ಆದ್ರೆ ಮಲೇರಿಯಾ ಜಾಸ್ತಿ ಇರೋ ನದಿ ದಂಡೆ ಊರಿಗೂ ಅದೇ ಪೆಟ್ಟಿಗೆ, ಗುಡ್ಡದ ಮೇಲಿನ ಊರಿಗೂ ಅದೇ ಪೆಟ್ಟಿಗೆ. ಒಂದು ಕಡೆ ಪ್ಯಾರಾಸಿಟಮಾಲ್ ರಾಶಿ ಬಿದ್ದಿರುತ್ತೆ, ಇನ್ನೊಂದು ಕಡೆ ಅಮಾಕ್ಸಿಸಿಲಿನ್ ಬಂದ ವಾರಕ್ಕೇ ಮಂಗಮಾಯ. ನಮ್ಮ ಮದುವೆ ಮನೆ ತಾಂಬೂಲದ ಚೀಲ ಇದ್ದಂಗೆ, ಎಲೆ ಹಾಕ್ದೇ ಇರೋರಿಗೂ ಅಡಿಕೆ ಗ್ಯಾರಂಟಿ.

2009ರ ಸುಮಾರಿಗೆ ಅಲ್ಲಿ ಒಂದು ಒಳ್ಳೆ ಪ್ರಯೋಗ ಮಾಡಿದ್ರು, ವಿಶ್ವ ಬ್ಯಾಂಕ್ ಜೊತೆ ಸೇರಿ. ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಉಗ್ರಾಣದಲ್ಲಿ ಲೆಕ್ಕ ನೋಡೋಕೆ ಒಬ್ಬ ಪ್ಲಾನರ್ ಹಾಕಿದ್ರು ಅಷ್ಟೇ, ಇನ್ನು ಕೆಲವು ಕಡೆ ಜಿಲ್ಲೆಯಲ್ಲಿ ಸ್ಟಾಕ್ ಇಡೋದನ್ನೇ ಬಿಟ್ರು, ಪ್ರತಿ ಆರೋಗ್ಯ ಕೇಂದ್ರದ ಆರ್ಡರ್ ಪ್ರಕಾರ ರಾಜಧಾನಿ ಲುಸಾಕಾದಲ್ಲೇ ಪೆಟ್ಟಿಗೆ ಕಟ್ಟಿ, ಮೇಲೆ ಆ ಕೇಂದ್ರದ ಹೆಸ್ರು ಬರೆದು ಕಳಿಸೋದು, ಜಿಲ್ಲೆಯವ್ರು ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸೋದು ಮಾತ್ರ. ಎರಡನೇದೇ ಜಾಸ್ತಿ ಗೆಲ್ತು. ಔಷಧಿ ನಡುವೆ ಎಷ್ಟು ಕಡೆ ಕೂತು ಸುಧಾರಿಸ್ಕೊಳ್ಳುತ್ತೋ ಅಷ್ಟು ಕಡೆ ಕೊಳೆಯುತ್ತೆ, ಕಳೆಯುತ್ತೆ, ಒಮ್ಮೊಮ್ಮೆ ಕಾಲೂ ಬರುತ್ತೆ.

ಕಾಲು ಬರೋದು, ಅಂದ್ರೆ ಕಳ್ಳತನ, ಅಂದ ತಕ್ಷಣ 2025 ನೆನಪಾಗುತ್ತೆ. ಆ ವರ್ಷ ಜನವರಿ 20ಕ್ಕೆ ಅಮೆರಿಕ ವಿದೇಶಿ ನೆರವನ್ನೆಲ್ಲ 90 ದಿನ ತಡೆ ಹಿಡೀತು, ಔಷಧಿ ಸಾಗಿಸೋ ಕಂಟ್ರಾಕ್ಟುಗಳಿಗೂ ಕೆಲ್ಸ ನಿಲ್ಸಿ ಅಂತ ಆರ್ಡರ್. ಅದ್ರ ಮೇಲೆ ಮೇ ತಿಂಗಳಲ್ಲಿ ಜಾಂಬಿಯಾಗೆ ಬೇರೆ ಪೆಟ್ಟು, ದಾನ ಕೊಟ್ಟ ಔಷಧಿ ಕದ್ದು ಮೆಡಿಕಲ್ ಶಾಪಲ್ಲಿ ಮಾರ್ತಿದೀರ ಅಂತ ಅಲ್ಲಿನ ಅಮೆರಿಕ ರಾಯಭಾರಿ ವರ್ಷಕ್ಕೆ 5 ಕೋಟಿ ಡಾಲರ್ ಔಷಧಿ ನೆರವು ಕಟ್ ಅಂತ ಘೋಷಿಸಿದ್ರು. 2000ಕ್ಕೂ ಜಾಸ್ತಿ ಅಂಗಡಿಗೆ ಹೋಗಿ ನೋಡಿ ಬಂದಿದ್ರಂತೆ. ಕಳ್ಳತನ ಸುಳ್ಳಲ್ಲ, ಆದ್ರೆ ಕದ್ದೋನಿಗೆ ಶಿಕ್ಷೆ ಆಗೋ ಮೊದ್ಲು ಮಾತ್ರೆ ನುಂಗೋಳಿಗೆ ಶಿಕ್ಷೆ ಆಗುತ್ತೆ, ಎಚ್‌ಐವಿ ಮಾತ್ರೆ ದಿನಾ ತಗೋಬೇಕು, ರಾಜತಾಂತ್ರಿಕ ಮಾತುಕತೆ ಮುಗಿಯೋವರೆಗೆ ಕಾಯೋಕಾಗಲ್ಲ.

ತಮಾಷೆ ಏನು ಗೊತ್ತಾ, ಅಲ್ಲಿನ ಎಚ್‌ಐವಿ ಮಾತ್ರೆ ಡಬ್ಬಿ ತಿರುಗಿಸಿ ನೋಡಿದ್ರೆ ಎಷ್ಟೋ ಸಲ ನಮ್ಮ ಹೈದರಾಬಾದಿನ ವಿಳಾಸನೇ ಇರೋದು. 2001ರಲ್ಲಿ ಮುಂಬೈನ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಎಚ್‌ಐವಿ ಔಷಧಿ ಸೇರಿ ಒಬ್ರಿಗೆ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀನಿ ಅಂದ್ರಲ್ಲ, ಆಗ ಬೇರೆ ಕಂಪನಿಗಳ ರೇಟು 10 ಸಾವಿರ ಡಾಲರ್ ಮೇಲೆ. ಅಲ್ಲಿಂದ ಶುರುವಾಗಿದ್ದು. ಇಲ್ಲಿಂದ ಹಡಗಲ್ಲಿ ದಾರ್ ಎಸ್ ಸಲಾಮ್‌ಗೋ ಡರ್ಬನ್‌ಗೋ ಹೋಗಿ, ಅಲ್ಲಿಂದ ಲಾರಿಯಲ್ಲಿ ಗಡಿ ದಾಟಿ ಲುಸಾಕಾ, ಆಮೇಲೆ ಹಳ್ಳಿ. ಸಮುದ್ರನೇ ಇಲ್ಲದ ದೇಶ ಅದು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮಣ್ಣಿನ ರಸ್ತೆ ಕೆಸ್ರು, ಜೂನ್-ಜುಲೈನಲ್ಲಿ ನಮ್ಮ ಆಗುಂಬೆ, ಹುಲಿಕಲ್ ಕಡೆ ಒಳಗಿನ ದಾರಿಗಳು ಆಗುತ್ತಲ್ಲ ಹಂಗೆ. ಮಳೆಗೆ ಮುಂಚೆ ಮೂರು ತಿಂಗಳ ಸ್ಟಾಕ್ ಮುಟ್ಟಿಸಿಲ್ಲ ಅಂದ್ರೆ ಆಮೇಲೆ ದೇವ್ರೇ ಗತಿ.

ನಾವು ಹಂಗೆ ಹೊರಗಿನವ್ರ ಮೇಲೆ ನಿಂತಿಲ್ಲ, ಟೆಂಡರ್ ಕರೆದು ರಾಜ್ಯ ಸರ್ಕಾರದ ನಿಗಮನೇ ಖರೀದಿ ಮಾಡುತ್ತೆ. (ನಮಗೂ ಒಂದು ಕಾಲಕ್ಕೆ ಆಸ್ಪತ್ರೆ ಕಟ್ಟಡ, ಸಲಕರಣೆಗೆಲ್ಲ ವಿಶ್ವ ಬ್ಯಾಂಕ್ ಸಾಲ ಬಂದಿತ್ತು, 1996ರಲ್ಲಿ ಶುರುವಾದ ಯೋಜನೆ, ಮರೆತಿರ್ತೀರ.) ದುಡ್ಡು ನಮ್ದೇ ಆದ ಮಾತ್ರಕ್ಕೆ ಮಾತ್ರೆ ತಾನಾಗೇ ಕಿಟಕಿಗೆ ಬರಲ್ಲ ಅನ್ನೋದು ಬೇರೆ ಮಾತು. ಟೆಂಡರ್ ತಡ ಆದ್ರೆ ಖಾಲಿ, ಅಗ್ಗಕ್ಕೆ ಅಂತ ಕಳಪೆ ಬಂದ್ರೆ ಅದಕ್ಕಿಂತ ಕೆಟ್ಟದ್ದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರ್ಕೊಂಡಾಗ ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ಬಾಟ್ಲಿ ಮೇಲೆ ಅನುಮಾನ ಬಂದು ಇಡೀ ರಾಜ್ಯ ಗಾಬರಿ ಆಗಿತ್ತಲ್ಲ.

ನಮ್ಮ ಕೌಂಟರ್‌ಗೆ ವಾಪಸ್ ಬರ್ತೀನಿ. ಮಲೆನಾಡಿಗೆ ಬೇಕಾದ ಎರಡು ಸಾಮಾನು ಇಲ್ಲಿ ತಪ್ಪದೇ ಇರುತ್ತೆ, ಅದಕ್ಕೇ ನಾನು ಒಂದಕ್ಕಿಂತ ಜಾಸ್ತಿ ಸ್ಟಾರ್ ಕಟ್ ಮಾಡ್ಲಿಲ್ಲ. ಒಂದು ಹಾವಿನ ವಿಷಕ್ಕೆ ಕೊಡೋ ಎಎಸ್‌ವಿ. ಪುಡಿ ರೂಪದ್ದು, ಹಾಗಾಗಿ ಕರೆಂಟ್ ಹೋದ್ರೂ ಲಸಿಕೆಯಷ್ಟು ಭಯ ಇಲ್ಲ. ಅದು ಕೆಲ್ಸ ಮಾಡೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ, ತೋಟದ ದರಕಲ್ಲಿ ಸುರುಳಿ ಸುತ್ಕೊಂಡು ಮಲಗೋ ಹಂಪ್ ನೋಸ್ಡ್ ಪಿಟ್ ವೈಪರ್‌ಗೆ ಅಲ್ಲ, ಅದಕ್ಕೇ ಕಚ್ಚಿದ್ದು ಯಾವ ಹಾವು ಅಂತ ಮೇಡಂ ನರ್ಸ್ ಇಬ್ರೂ ಕೇಳ್ತಾರೆ. ಹಾವು ಹಿಡಿಯೋಕೆ ಹೋಗ್ಬೇಡಿ ಮತ್ತೆ, ದೂರದಿಂದ ಫೋಟೋ ಸಿಕ್ಕಿದ್ರೆ ಸಿಕ್ತು. ಇನ್ನೊಂದು, ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಮಂಗನ ಕಾಯಿಲೆ ಸೀಸನ್ನಿನ ಡೀಪಾ ಎಣ್ಣೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗುರುತಿಸಿದ ಕಾಯಿಲೆಗೆ ಇವತ್ತಿಗೂ ಅದಕ್ಕೇ ಅಂತ ಬೇರೆ ಔಷಧಿ ಇಲ್ಲ, ಹಳೇ ಲಸಿಕೆಯನ್ನೂ ಪರಿಣಾಮ ಸಾಲದು ಅಂತ ನಿಲ್ಸಿದಾರೆ, ಉಣುಗು ಕಚ್ಚದಂಗೆ ಎಣ್ಣೆ ಹಚ್ಕೊಂಡು ಕಾಡಿಗೆ ಹೋಗೋದೊಂದೇ ದಾರಿ. ಆಶಾ ಅಕ್ಕಂದಿರು ಮನೆಗೇ ತಂದು ಕೊಡ್ತಾರೆ, ಖಾಲಿ ಆದ್ರೆ ಕಿಟಕಿಯಲ್ಲಿ ಕೇಳಿ.

ಈಗ ಕಟ್ ಆದ ಆ ಒಂದು ಸ್ಟಾರ್. ಕಿಟಕಿ ಎಷ್ಟು ಕೆಳಗೆ ಮಾಡಿದಾರೆ ಅಂದ್ರೆ ಸೊಂಟ ನೋವಿಗೆ ಔಷಧಿ ತಗೊಳ್ಳೋಕೆ ಬಂದೋರು ಇನ್ನೂ ಸ್ವಲ್ಪ ನೋವು ಜಾಸ್ತಿ ಮಾಡ್ಕೊಂಡು ಹೋಗ್ಬೇಕು. ಇವತ್ತು ಯಾವ ಮಾತ್ರೆ ಇಲ್ಲ ಅಂತ ಹೊರಗೆ ಒಂದು ಬೋರ್ಡಲ್ಲಿ ಬರೆದ್ರೆ ಚೀಟಿ ಮಾಡ್ಸಿ, ಡಾಕ್ಟರ್ ನೋಡಿ, ಕ್ಯೂ ನಿಂತು ಆಮೇಲೆ "ಇಲ್ಲ" ಅನ್ನಿಸ್ಕೊಳ್ಳೋದು ತಪ್ಪುತ್ತೆ, ಹೇಳಿದೆ, ಇನ್ನೂ ಆಗಿಲ್ಲ. ಅಸ್ತಮಾದ ಇನ್ಹೇಲರ್ ನಾನು ಕೇಳಿದಾಗೆಲ್ಲ ಇಲ್ಲ. 2022ರ ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಲ್ಲಿ 384 ಔಷಧಿ ಇದೆ, ಇನ್ಹೇಲರೂ ಇದೆ, ಪಟ್ಟಿಯಲ್ಲಿ ಇದ್ರೆ ಏನು ಬಂತು, ಹೊಗೆ ಒಲೆ ಮುಂದೆ ಜೀವನ ಸವೆಸಿದ ಹೆಂಗಸ್ರು ಪೇಟೆಗೆ ಹೋಗಿ ದುಡ್ಡು ಕೊಟ್ಟು ತರ್ಬೇಕು.

ಮತ್ತೆ ಬಣ್ಣದ ಗಲಾಟೆ. ನನ್ನ ಮುಂದಿದ್ದ ಅಜ್ಜಿ ಒಬ್ರು ಪೊಟ್ಟಣ ಎತ್ತಿ ಹಿಡಿದು, "ಅಲ್ದೇ ಅಮ್ಮಾ, ಹೋದ್ಸಲ ಬಿಳಿ ಗುಳಿಗೆ ಕೊಟ್ಟಿದ್ದಲೆ, ಈ ಸಲ ಎಂತಕ್ಕೆ ಹಳದಿ? ಬೇರೆಯವ್ರದ್ದು ಕೊಟ್ಯಾ?" ಅಂದ್ರು. ಟೆಂಡರ್ ಬೇರೆ ಕಂಪನಿಗೆ ಹೋದ್ರೆ ಅದೇ ಮಾತ್ರೆ ಬೇರೆ ಬಣ್ಣದಲ್ಲಿ ಬರುತ್ತೆ. ಮೇಡಂ ಹಳೇ ಖಾಲಿ ಸ್ಟ್ರಿಪ್ ಒಂದನ್ನ ಡ್ರಾಯರ್‌ನಿಂದ ತೆಗೆದು ಹೊಸದರ ಪಕ್ಕ ಇಟ್ಟು, "ನೋಡಿ ಅಜ್ಜಿ, ಕಂಪನಿ ಬೇರೆ, ಔಷಧಿ ಅದೇ, ಇದೂ ರಾತ್ರಿ ಊಟ ಆದ್ಮೇಲೆ ಒಂದೇ" ಅಂತ ಹೇಳಿ ಸ್ಟ್ರಿಪ್ ಹಿಂದೆ ಒಂದು ಚಂದ್ರನ ಚಿತ್ರ ಬರೆದು ಕೊಟ್ರು. ಅಜ್ಜಿಗೆ ಪೂರ್ತಿ ನಂಬ್ಕೆ ಬಂದಂಗೆ ಕಾಣ್ಲಿಲ್ಲ, ಆದ್ರೂ ಸೆರಗಲ್ಲಿ ಗಂಟು ಹಾಕ್ಕೊಂಡ್ರು.

ಹೋಗೋರಿಗೆ: ಗುರುವಾರ ಲಸಿಕೆ ದಿನ, ಮಕ್ಳ ಗಲಾಟೆ, ಬರೀ ಮಾತ್ರೆಗಾದ್ರೆ ಬೇರೆ ದಿನ ಹೋಗಿ. ಹಳೇ ಚೀಟಿ ತಗೊಂಡ್ ಹೋಗಿ, ಖಾಲಿ ಸ್ಟ್ರಿಪ್ ಇದ್ರೆ ಅದನ್ನೂ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ನೀವೇ ಒಯ್ಯಿರಿ, ಅವ್ರು ಕೊಡೋ ಕಾಗದದ ಪೊಟ್ಟಣ ಬಸ್ ಸ್ಟ್ಯಾಂಡ್ ಮುಟ್ಟೋದ್ರೊಳಗೆ ಮುದ್ದೆ ಆಗುತ್ತೆ. ಮತ್ತೆ ಮಾತ್ರೆ ಇಲ್ಲ ಅಂದ್ರೆ ಸಿಟ್ಟು ಮಾಡ್ಕೊಂಡು ಹಂಗೇ ತಿರುಗಿ ಬರ್ಬೇಡಿ, "ಮೇಡಂ, ಬುಕ್ಕಲ್ಲಿ ಬರ್ಕೊಳ್ಳಿ" ಅಂತ ಹೇಳಿ, ಬರ್ಯೋವರೆಗೆ ಅಲ್ಲೇ ನಿಂತಿರಿ.