ಝೆನ್‌ಗೆ ಹಾಕಿಸಿದ ಮುಂದಿನ ಶಾಕ್ ಅಬ್ಸಾರ್ಬರ್: ಹದಿನಾಲ್ಕು ತಿಂಗಳ ಅನುಭವ

ನಮ್ಮದು 2003ರ ಮಾರುತಿ ಝೆನ್. ಅಪ್ಪ ಕೊಂಡಿದ್ದು, ಈಗ ನನ್ನ ಕೈಲಿದೆ. ವಾರಕ್ಕೆ ಆರು ದಿನ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬರುತ್ತೇನೆ. ಹಗುರ ಗಾಡಿ, ತಿರುಗಿಸಿದ ಕಡೆ ಚಕ್ ಅಂತ ತಿರುಗುತ್ತದೆ. ಓಡಿಸೋದಕ್ಕೆ ಇಷ್ಟು ಖುಷಿ ಕೊಡುವ ಸಣ್ಣ ಕಾರು ನನಗೆ ಇನ್ನೊಂದು ಸಿಕ್ಕಿಲ್ಲ.

ಆ ಖುಷಿ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಶಾಕ್ ಒಂದೇ ದಿನಕ್ಕೆ ಕೆಡೋದಿಲ್ಲ ಅಲ್ವಾ, ನಾವೂ ಒಗ್ಗಿಕೊಂಡುಬಿಡುತ್ತೇವೆ. ಅದಿರು ಲಾರಿಯ ಹಿಂದೆ ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. ಅಮ್ಮ ಮುಂದೆ ಕೂತರೆ ಬಾಗಿಲ ಹಿಡಿ ಬಿಡುತ್ತಿರಲಿಲ್ಲ. ಟೈರಿನ ಮೇಲೆ ಕೈ ಆಡಿಸಿದಾಗ ಅಲೆ ಅಲೆಯಾಗಿ ಸವೆದಿದ್ದು ತಿಳಿಯಿತು. ಬಗ್ಗಿ ನೋಡಿದರೆ ಎಡಗಡೆಯ ಶಾಕ್ ಸೋರಿ, ಎಣ್ಣೆಗೆ ಕೆಂಪು ಧೂಳು ಮೆತ್ತಿ ಗಟ್ಟಿಯಾಗಿತ್ತು.

ಸೋರಿದ್ದು ಒಂದೇ ಆದರೂ ಎರಡೂ ಬದಲಿಸಿದೆ. ಒಂದು ಹೊಸದು ಒಂದು ಹಳೆಯದು ಇದ್ದರೆ ಎರಡು ಕಡೆ ಹಿಡಿತ ಒಂದೇ ಇರೋದಿಲ್ಲ. ಜೋಡಿಗೆ 3,400 ರೂಪಾಯಿ, ಕೂಲಿ 1,200, ಚಕ್ರ ನೇರ ಮಾಡಿಸುವ ಅಲೈನ್‌ಮೆಂಟ್ 400.

ಮರುದಿನ ಬೆಳಿಗ್ಗೆ ಮೊದಲ ಹಂಪ್ ದಾಟಿದಾಗ ನಕ್ಕುಬಿಟ್ಟೆ. ಇಳಿಯಿತು, ಎದ್ದಿತು, ನಿಂತಿತು. ಅಷ್ಟೇ! ಅವತ್ತಿನಿಂದ ಒಂದು ಅಭ್ಯಾಸ ಶುರುವಾಯಿತು. ಗಾಡಿ ತೆಗೆಯುವ ಮುಂಚೆ ಗಾಜು ಒರೆಸಿ, ಬಲ ಮಡ್‌ಗಾರ್ಡ್ ಮೇಲೆ ಎರಡೂ ಅಂಗೈ ಇಟ್ಟು ಒಮ್ಮೆ ಒತ್ತಿ ಬಿಡುತ್ತೇನೆ. ಆಮೇಲೆ ಎಡ. ಒಂದೇ ಸಲ ಎದ್ದು ಸುಮ್ಮನಾದರೆ ಮನಸ್ಸಿಗೆ ಏನೋ ಸಮಾಧಾನ.

ಮೂರನೇ ತಿಂಗಳಿಗೆ ಬೇಜಾರು ಶುರುವಾಯಿತು. ನಮ್ಮ ಗಲ್ಲಿಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಟಂಗ್ ಅಂತ ಸದ್ದು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಶಾಕ್ ಕೆಟ್ಟಿತು ಅಂದುಕೊಂಡೆ. ಅಲ್ಲ. ಹಾಕಿದವರು ಶಾಕನ್ನು ಬಾಡಿಗೆ ಕೂಡಿಸುವ ಮೇಲಿನ ಮೌಂಟು, ಅಲ್ಲಿ ಅದು ಸಲೀಸಾಗಿ ತಿರುಗಲು ಇರುವ ಬೇರಿಂಗು ಹಳೆಯವನ್ನೇ ಕೂಡಿಸಿದ್ದರು. ಕೇಳಿದರೆ "ಹಳೇವು ಗಟ್ಟಿ ಅದಾವ್ರಿ ಸರ, ಸುಮ್ನೆ ರೊಕ್ಕ ಯಾಕ?" ಅಂದರು. ಬಿಚ್ಚುವಾಗಲೇ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಬೇರಿಂಗ್ ತಿರುಗದೆ ಹಿಡಿದುಕೊಂಡರೆ ಸ್ಟೇರಿಂಗ್ ಜೊತೆ ಸ್ಪ್ರಿಂಗ್ ತಿರುಚಿಕೊಂಡು, ಒಮ್ಮೆಲೇ ಬಿಡುತ್ತದೆ. ಆ ಟಂಗ್ ಅದರದ್ದೇ. ಶಾಕಿನ ರಾಡಿಗೆ ಧೂಳು ತಾಗದಂತೆ ಮುಚ್ಚುವ ಡಸ್ಟ್ ಬೂಟ್ ಹರಿದಿದ್ದರೂ ಹಾಗೇ ಬಿಟ್ಟಿದ್ದರು. ನಮ್ಮ ಊರಿನ ಧೂಳಿಗೆ ರಾಡ್ ತೆರೆದಿಟ್ಟರೆ ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲ್ ಎಷ್ಟು ದಿನ ಬಂದೀತು?

ಬೇರೆ ಕಡೆ ಮತ್ತೆ ಬಿಚ್ಚಿಸಿದೆ. ಆ ಮೇಸ್ತ್ರಿ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ನಿಧಾನವಾಗಿ ಮಾಡಿದರು. ಒತ್ತಿ ಕೂತ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ, ಮನೆಯಲ್ಲಿ ಮಾತ್ರ ಯಾರೂ ಪ್ರಯತ್ನ ಮಾಡಬೇಡಿ. ಎರಡು ಕಡೆಯ ಮೌಂಟು, ಬೇರಿಂಗು, ಬೂಟು, ಶಾಕ್ ಪೂರ್ತಿ ಒತ್ತಿದಾಗ ಬಡಿತ ತಡೆಯುವ ಬಂಪ್ ಸ್ಟಾಪ್ ಸೇರಿ 1,600. ಕೂಲಿ, ಅಲೈನ್‌ಮೆಂಟ್ ಎರಡನೇ ಸಲ ಕೊಟ್ಟೆ. ಆ 1,600 ಹೊರೆ ಅನಿಸಲಿಲ್ಲ, ಎರಡನೇ ಕೂಲಿ ಮಾತ್ರ ಇವತ್ತಿಗೂ ಚುಚ್ಚುತ್ತದೆ. ನೀವು ಶಾಕ್ ಕೊಳ್ಳುವಾಗಲೇ ಇವನ್ನೂ ತಂದು ಕೈಗೆ ಕೊಡಿ.

ಹೊಸ ಶಾಕ್ ಹಾಕಿಸಿದ ಮೇಲೆ ಈಗ 20,000 ಕಿ.ಮೀ. ದಾಟಿದೆ. ಸೋರಿಕೆ ಇಲ್ಲ, ಸದ್ದೂ ಇಲ್ಲ. ಹೋದ ತಿಂಗಳು ಸಂಡೂರಿಂದ ವಾಪಸ್ ಬರುವಾಗ ಘಟ್ಟದ ತಿರುವಿನಲ್ಲಿ ಪಕ್ಕಕ್ಕೆ ನೋಡಿದೆ. ಅಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು.