ಕೊಲೆಯನ್ನು ಕ್ಷಮಿಸಿದವಳು ಮಕ್ಕಳನ್ನು ಒಪ್ಪಲಿಲ್ಲ: ‘ಸೌತ್ ಪೆಸಿಫಿಕ್’ (1958)

ಮೊದಲೇ ಹೇಳಿಬಿಡುತ್ತೇನೆ, ಈ ಸಿನಿಮಾದ ಬಣ್ಣ ಕಣ್ಣಿಗೆ ಕಷ್ಟ ಕೊಡುತ್ತದೆ. ಶೂಟಿಂಗ್ ಆಗಿದ್ದು ಹವಾಯಿಯ ಕವಾಯಿ ದ್ವೀಪದಲ್ಲಿ. ಕಡಲು, ಮರಳು, ಹಸಿರು ಗುಡ್ಡ ಎಲ್ಲ ಸುಮ್ನೆ ಇದ್ದ ಹಾಗೇ ತೋರಿಸಿದ್ದರೂ ಸಾಕಿತ್ತು, ಆದರೆ ಹಾಡು ಶುರುವಾದರೆ ಪರದೆ ಪೂರ್ತಿ ಅರಿಶಿನ ಕದಡಿದ ಹಾಗೆ ಹಳದಿಯಾಗುತ್ತದೆ, ಇನ್ನೊಂದು ಹಾಡಿಗೆ ನೇರಳೆ. ಕ್ಯಾಮೆರಾಗೆ ಫಿಲ್ಟರ್ ಹಾಕಿ ತೆಗೆದದ್ದು. ನಿರ್ದೇಶಕ ಜೋಶುವಾ ಲೋಗನ್ ಅವರಿಗೇ ಆಮೇಲೆ ಇದರ ಬಗ್ಗೆ ಬೇಸರವಿತ್ತು.

ಆದರೂ ನೋಡಿ. ನೆಲ್ಲಿಗಾಗಿ ನೋಡಿ.

ಎರಡನೇ ಮಹಾಯುದ್ಧದ ಕಾಲ, ದಕ್ಷಿಣ ಪೆಸಿಫಿಕ್ ಸಾಗರದ ಒಂದು ದ್ವೀಪ. ನೆಲ್ಲಿ ಅಮೆರಿಕದ ನೌಕಾಪಡೆಯ ನರ್ಸ್, ಮಿಟ್ಜಿ ಗೇನರ್ ಮಾಡಿದ್ದಾರೆ. ಕಡಲ ದಂಡೆಯಲ್ಲಿ ತಲೆತುಂಬ ಸೋಪಿನ ನೊರೆ ಮಾಡಿಕೊಂಡು, ಪ್ರೀತಿಸಿದವನನ್ನು ಕೂದಲಿನಿಂದಲೇ ತೊಳೆದುಹಾಕುತ್ತೇನೆ ಅಂತ ಹಾಡುವಾಗ ಎಷ್ಟು ಮುದ್ದಾಗಿದ್ದಾಳೆ! ಅವಳು ಪ್ರೀತಿಸಿದ್ದು ತೋಟದ ಮಾಲೀಕ ಎಮಿಲ್ ಎಂಬ ಫ್ರೆಂಚ್ ಗಂಡಸನ್ನು. ಊರಲ್ಲಿ ಒಬ್ಬನನ್ನು ಕೊಂದು ಇಲ್ಲಿಗೆ ಬಂದೆ ಅಂತ ಅವನೇ ಹೇಳುತ್ತಾನೆ. ಅವಳು ಅದನ್ನೂ ಒಪ್ಪಿಕೊಳ್ಳುತ್ತಾಳೆ. ಆಮೇಲೆ ಅವನ ಮನೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿ ಖುಷಿಪಡುತ್ತಾಳೆ. ಇವರು ನನ್ನ ಮಕ್ಕಳು, ತೀರಿಹೋದ ಇವರ ತಾಯಿ ಪಾಲಿನೇಷ್ಯದವಳು ಅಂತ ಅವನು ಹೇಳಿದ ಮೇಲೆ ಅವಳಿಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಕೊಲೆ ಪರವಾಗಿಲ್ಲ, ಆ ಮಕ್ಕಳ ಮೈಬಣ್ಣ ಆಗಲ್ಲ! ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು ಇಲ್ಲೇ, ಯಾಕೆಂದರೆ ನೆಲ್ಲಿ ಕೆಟ್ಟವಳಲ್ಲ. ಅವಳ ಊರು ಅರ್ಕಾನ್ಸಾಸ್‌ನ ಲಿಟಲ್ ರಾಕ್. ಅದೇ ಊರಿನ ಬಿಳಿಯರ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಹೋಗಬಾರದು ಅಂತ 1957ರಲ್ಲಿ ಜನ ಅಡ್ಡ ನಿಂತಿದ್ದರು. ಮಾರನೇ ವರ್ಷ ಈ ಸಿನಿಮಾ ಬಂತು.

ಅದೇ ದ್ವೀಪಕ್ಕೆ ಬಂದ ಅಮೆರಿಕದ ಯುವ ಸೇನಾಧಿಕಾರಿ ಲೆಫ್ಟಿನೆಂಟ್ ಕೇಬಲ್‌ಗೆ ಒಂದು ಚಿಕ್ಕ ಹಾಡಿದೆ. ದ್ವೇಷ ಹುಟ್ಟಿನಿಂದ ಬರುವುದಿಲ್ಲ, ಎಳೆಯ ವಯಸ್ಸಿನಲ್ಲೇ ಕಿವಿಗೆ ತುಂಬಬೇಕು ಅನ್ನುವ ಅರ್ಥದ್ದು. ಸಂಗೀತ ಕೊಟ್ಟ ರಾಜರ್ಸ್ ಮತ್ತು ಹಾಡು ಬರೆದ ಹ್ಯಾಮರ್‌ಸ್ಟೈನ್ ಇದನ್ನು ಈ ಸಿನಿಮಾಕ್ಕೆ ಮೂಲವಾದ 1949ರ ನಾಟಕಕ್ಕೆ ಮಾಡಿದಾಗಲೇ ತೆಗೆಯಿರಿ ಅಂದವರಿದ್ದರು, ಅವರು ತೆಗೆಯಲಿಲ್ಲ. 1953ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸಕರೂ ಈ ಹಾಡಿನ ವಿರುದ್ಧ ಕೂಗಾಡಿದ್ದರು.

ಒಪ್ಪಲಾಗದ್ದೂ ಇದೆ. ಕೇಬಲ್ ಪ್ರೀತಿಸುವ ದ್ವೀಪದ ಹುಡುಗಿ ಲಿಯಾಟ್‌ಗೆ ಮಾತೇ ಇಲ್ಲದ ಹಾಗೆ. ತಾಯಿಯೇ ಅವಳನ್ನು ಅವನ ಹತ್ತಿರ ಕರೆತರುತ್ತಾಳೆ, ಅವಳಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಬಣ್ಣಭೇದದ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡುವ ಕಥೆ ಆ ಹುಡುಗಿಗೂ ಒಂದು ಹಾಡು ಕೊಡಬೇಕಿತ್ತು, ಅಲ್ವಾ? ಎರಡೂವರೆ ಗಂಟೆಗಿಂತ ಜಾಸ್ತಿ ಇದೆ, ನಡುವೆ ಎಳೆಯುತ್ತದೆ. ಎಮಿಲ್ ಆಗಿ ನಟಿಸಿದವರು ರೊಸ್ಸಾನೊ ಬ್ರಾಟ್ಸಿ, ಹಾಡಿದವರು ಜಾರ್ಜಿಯೊ ಟೋಟ್ಸಿ. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ, ಆ ಆಪೆರಾ ದನಿ ಎದೆಗೇ ಇಳಿಯುತ್ತದೆ.

ಕೊನೆಯ ದೃಶ್ಯಕ್ಕೆ ಎದ್ದು ಹೋಗಬೇಡಿ. ಯುದ್ಧಕ್ಕೆ ಹೋದ ಎಮಿಲ್ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ನೆಲ್ಲಿ ಅದೇ ಮಕ್ಕಳ ಜೊತೆ ಕೂತು ಅವರ ಪುಟ್ಟ ಫ್ರೆಂಚ್ ಹಾಡು ಹಾಡುತ್ತಿರುತ್ತಾಳೆ. ಹಿಂದಿನಿಂದ ಅವನ ದನಿ ಸೇರಿಕೊಳ್ಳುತ್ತದೆ.